ವಿಶ್ವವಿದ್ಯಾನಿಲಯಕ್ಕೆ ದತ್ತಿ: ಸ್ಥಾವರಕ್ಕೋ, ಜಂಗಮಕ್ಕೋ?

ವಿದ್ಯಾದಾನದ ಮಹಿಮೆಯನ್ನು ಕೊಂಡಾಡುವ ಬರಹಗಳಿಗೆ ಕನ್ನಡದಲ್ಲಿ ಕೊರತೆಯಿಲ್ಲ. ಸ್ಮರಣ ಸಂಚಿಕೆಗಳಲ್ಲಂತೂ ಅವು ಧಾರಾಳವಾಗಿಯೇ ಇರುತ್ತವೆ. ಆದರೆ ಕೊಡಬೇಕೆಂದು ಈಗಾಗಲೇ ನಿಶ್ಚಯಿಸಿದ ವ್ಯಕ್ತಿಯು ತನ್ನ ಧನವನ್ನು ಯಾವುದಕ್ಕೆ, ಯಾವ ನಿಬಂಧನೆಯ ಮೇಲೆ, ಎಷ್ಟು ಕಾಲದವರೆಗೆ ವಿನಿಯೋಗವಾಗಬೇಕೆಂದು ಬರೆದಿಡಬೇಕು ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡ ಬರಹಗಳು ವಿರಳ. ಕೊಡುವ ಮನಸ್ಸು ಬಂದುದೇ ದೊಡ್ಡದು, ಉಳಿದುದನ್ನು ಕೊಂಡವರು ನೋಡಿಕೊಳ್ಳುತ್ತಾರೆ ಎಂಬ ಭಾವನೆ ಇದಕ್ಕೆ ಕಾರಣವಿರಬಹುದು. ಆದರೆ ದತ್ತಿಗಳ ಇತಿಹಾಸವನ್ನು ಸ್ವಲ್ಪ ಪರಿಶೀಲಿಸಿದವರಿಗೆ, ಸದುದ್ದೇಶದಿಂದ ಕೊಟ್ಟ ಹಣವು ವ್ಯರ್ಥವಾದುದು ಕೊಂಡವರ ಅಪ್ರಾಮಾಣಿಕತೆಯಿಂದ ಮಾತ್ರವಲ್ಲ, ಬಹುಮಟ್ಟಿಗೆ ಕೊಟ್ಟವರು ಬರೆದ ಷರತ್ತುಗಳಿಂದಲೇ ಎಂಬುದು ಮನವರಿಕೆಯಾಗದೆ ಇರದು.

ಮೈಸೂರಿನಲ್ಲಿ ಈ ಪ್ರಶ್ನೆ ಇಂದು ಹಿಂದೆಂದಿಗಿಂತಲೂ ಪ್ರಸ್ತುತವಾಗಿದೆ. ಸರಸ್ವತಿಪುರಂ, ಜಯಲಕ್ಷ್ಮೀಪುರಂ, ಕುವೆಂಪುನಗರಗಳ ಮನೆಗಳಲ್ಲಿ ನಿವೃತ್ತ ಅಧ್ಯಾಪಕರು, ಬ್ಯಾಂಕಿನ ಅಧಿಕಾರಿಗಳು, ಇಂಜಿನಿಯರುಗಳು ಬಹುಸಂಖ್ಯೆಯಲ್ಲಿದ್ದಾರೆ. ಅನೇಕರ ಮಕ್ಕಳು ವಿದೇಶಗಳಲ್ಲಿ ನೆಲೆಸಿ, ತಂದೆತಾಯಿಗಳ ಆಸ್ತಿಯ ಅವಶ್ಯಕತೆಯಿಲ್ಲದಷ್ಟು ಅನುಕೂಲಸ್ಥರಾಗಿದ್ದಾರೆ. ಇಂತಹ ದಂಪತಿಗಳಲ್ಲಿ ಕೆಲವರು, ಮಹಾರಾಜಾ ಕಾಲೇಜಿನಲ್ಲಿಯೋ ಮಾನಸಗಂಗೋತ್ರಿಯಲ್ಲಿಯೋ ಅತ್ಯಲ್ಪ ಶುಲ್ಕ ಕೊಟ್ಟು ಓದಿದ ದಿನಗಳನ್ನು ನೆನೆದು, ಉಳಿತಾಯದ ಒಂದು ಭಾಗವನ್ನು ವಿಶ್ವವಿದ್ಯಾನಿಲಯಕ್ಕೆ ಬಿಡಬೇಕೆಂದು ಯೋಚಿಸುವುದು ಸಹಜವೂ ಸ್ತುತ್ಯವೂ ಆದ ಸಂಗತಿ. ಇವರು ಕೋಟ್ಯಧೀಶರಲ್ಲ. ಹತ್ತು, ಇಪ್ಪತ್ತು, ಇಪ್ಪತ್ತೈದು ಲಕ್ಷ ರೂಪಾಯಿಗಳ ದಾನಿಗಳು. ಈ ಮೊತ್ತದ ದಾನಿಗೆ ತಕ್ಕ ಮಾರ್ಗ ಯಾವುದು ಎಂಬುದೇ ಇಲ್ಲಿ ವಿಚಾರಣೀಯವಾದದ್ದು. 2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು ಆಸ್ಪತ್ರೆ ಹಾಗೂ ವೈದ್ಯಕೀಯ ಶಾಲೆಗಾಗಿ 425 ಕೋಟಿ ರೂಪಾಯಿಗಳನ್ನು ಘೋಷಿಸಿದುದು ಶ್ಲಾಘ್ಯವೇ. ಆದರೆ ಆ ಮಾದರಿಯು ಪಿಂಚಣಿದಾರನಿಗೆ ದಾರಿ ತೋರಿಸಲಾರದು.

ಇಂತಹ ದಾನಿಯ ಮನಸ್ಸಿಗೆ ಮೊದಲು ಬರುವುದು ಚಿನ್ನದ ಪದಕ. ತಂದೆಯ ಅಥವಾ ತಾಯಿಯ ಹೆಸರಿನಲ್ಲಿ ಒಂದು ದತ್ತಿನಿಧಿ, ಪ್ರತಿವರ್ಷ ಘಟಿಕೋತ್ಸವದ ವೇದಿಕೆಯ ಮೇಲೆ ಆ ಹೆಸರಿನ ಉಚ್ಚಾರಣೆ, ಪ್ರಥಮ ಸ್ಥಾನ ಪಡೆದ ವಿದ್ಯಾರ್ಥಿಯ ಕೊರಳಲ್ಲಿ ಆ ಪದಕ. ಇದರ ಆಕರ್ಷಣೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಲೆಕ್ಕವನ್ನು ಮುಂದಿಟ್ಟುಕೊಂಡು ನೋಡಬೇಕು. 1975ರ ಸುಮಾರಿನಲ್ಲಿ ಹತ್ತು ಗ್ರಾಂ ಚಿನ್ನದ ಬೆಲೆ ಸುಮಾರು 540 ರೂಪಾಯಿ. ಆ ವರ್ಷ ಒಬ್ಬ ದಾನಿಯು ಹತ್ತು ಸಾವಿರ ರೂಪಾಯಿಗಳನ್ನು ಠೇವಣಿಯಿಟ್ಟನೆಂದೂ ನೂರಕ್ಕೆ ಎಂಟರಂತೆ ಬಡ್ಡಿ ಬಂದಿತೆಂದೂ ಭಾವಿಸೋಣ. ವರ್ಷಕ್ಕೆ ದೊರೆತ ಎಂಟು ನೂರು ರೂಪಾಯಿಗಳಿಂದ ಸುಮಾರು ಹದಿನೈದು ಗ್ರಾಂ ತೂಕದ, ಕೈಯಲ್ಲಿ ಹಿಡಿದರೆ ಭಾರ ತಿಳಿಯುವ ಪದಕವನ್ನು ಮಾಡಿಸಬಹುದಾಗಿತ್ತು. 2025ರಲ್ಲಿ ಹತ್ತು ಗ್ರಾಂ ಚಿನ್ನದ ಬೆಲೆ ಒಂದು ಲಕ್ಷವನ್ನು ದಾಟಿತು. ಅದೇ ಹತ್ತು ಸಾವಿರಕ್ಕೆ ನೂರಕ್ಕೆ ಏಳರಂತೆ ಬರುವ ಏಳು ನೂರು ರೂಪಾಯಿಗೆ ಒಂದು ಗ್ರಾಮಿನ ಹತ್ತನೆಯ ಒಂದು ಭಾಗದಷ್ಟು ಚಿನ್ನವೂ ಬಾರದು. ದಾನಿಯು ವಂಚಿಸಲಿಲ್ಲ, ವಿಶ್ವವಿದ್ಯಾನಿಲಯವೂ ಒಂದು ಕಾಸನ್ನು ಕದಿಯಲಿಲ್ಲ; ಆದರೂ ದತ್ತಿ ಕರಗಿಹೋಯಿತು. ಹಲವೆಡೆ ಇಂದು ಚಿನ್ನದ ಪದಕವೆಂದು ಕರೆಯುವುದು ಚಿನ್ನದ ಲೇಪವಿರುವ ಬೆಳ್ಳಿಯನ್ನು. ಇನ್ನು ಕೆಲವೆಡೆ ದತ್ತಿಯ ಹೆಸರು ಪಟ್ಟಿಯಲ್ಲಿ ಮಾತ್ರ ಉಳಿದಿದೆ.

ಮೊತ್ತವನ್ನು ಹೆಚ್ಚಿಸಿದರೆ ಈ ದೋಷ ಪರಿಹಾರವಾಗುತ್ತದೆಯೆಂದು ವಾದಿಸಬಹುದು. ಆದರೆ ಪದಕಕ್ಕೆ ಇನ್ನೊಂದು ಕೊರತೆಯೂ ಇದೆ. ಅದು ಓಟ ಮುಗಿದ ಮೇಲೆ ಗೆದ್ದವನಿಗೆ ಸಿಗುವ ವಸ್ತು. ಓಟದ ಮಧ್ಯದಲ್ಲಿ ಹಸಿವಿನಿಂದ ಕುಸಿದವನಿಗೆ ಅದರಿಂದ ಪ್ರಯೋಜನವಿಲ್ಲ. ಒಬ್ಬನೇ ವಿದ್ಯಾರ್ಥಿಯ ಕೊರಳಿಗೆ ಏಳೆಂಟು ಪದಕಗಳು ಬೀಳುವ ದೃಶ್ಯವನ್ನು ಘಟಿಕೋತ್ಸವಗಳಲ್ಲಿ ಕಂಡವರು ಬಹಳ ಮಂದಿ. ಎಂಟನೆಯ ಪದಕವನ್ನು ಸ್ಥಾಪಿಸಿದ ದಾನಿಯು ವಿದ್ಯೆಗೆ ಏನನ್ನು ಕೂಡಿಸಿದನೆಂದು ಕೇಳಿದರೆ ಉತ್ತರ ಕೊಡುವುದು ಕಷ್ಟ.

ಪದಕವನ್ನು ಬಿಟ್ಟರೆ ಕಟ್ಟಡ. ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸ ಅರಮನೆಯನ್ನು ಈ ಸಂದರ್ಭದಲ್ಲಿ ನೆನೆಯಬಹುದು. 1905ರಲ್ಲಿ ಸುಮಾರು ಏಳು ಲಕ್ಷ ರೂಪಾಯಿ ವೆಚ್ಚದಲ್ಲಿ ನಿರ್ಮಾಣವಾದ ಈ ಭವನವು ಮುಂದೆ ವಿಶ್ವವಿದ್ಯಾನಿಲಯದ ಸ್ವತ್ತಾಗಿ, ಅಲ್ಲಿ ಜಾನಪದ ವಸ್ತುಸಂಗ್ರಹಾಲಯ ರೂಪುಗೊಂಡಿತು. ಈ ಶತಮಾನದ ಆರಂಭದಲ್ಲಿ ಇನ್ಫೋಸಿಸ್ ಪ್ರತಿಷ್ಠಾನವು ಒಂದು ಕೋಟಿಗೂ ಮಿಗಿಲಾದ ನೆರವಿನಿಂದ ಅದನ್ನು ಜೀರ್ಣೋದ್ಧಾರ ಮಾಡಿಸಿತು. ಎರಡು ದಶಕಗಳು ಕಳೆಯುವಷ್ಟರಲ್ಲಿ ಕಟ್ಟಡಕ್ಕೆ ಮತ್ತೆ ದುರಸ್ತಿ ಬೇಕಾಯಿತು, ಮತ್ತೆ ದಾನಿಗಳನ್ನು ಹುಡುಕಬೇಕಾಯಿತು. ಕಟ್ಟಿಸುವವರು ದೊರೆಯುತ್ತಾರೆ, ದುರಸ್ತಿ ಮಾಡಿಸುವವರೂ ಒಮ್ಮೊಮ್ಮೆ ದೊರೆಯುತ್ತಾರೆ. ಪ್ರತಿದಿನ ಸೋರುವ ಹೆಂಚನ್ನು ಬದಲಿಸಲು ಹಣ ಬಿಡುವವರು ದೊರೆಯುವುದಿಲ್ಲ. ಇಪ್ಪತ್ತೈದು ಲಕ್ಷದ ದಾನಿಯು ಕಟ್ಟಡದ ಆಸೆಯನ್ನು ಬಿಡುವುದೇ ಲೇಸು.

ಹಾಗಾದರೆ ಯಾವುದಕ್ಕೆ ಕೊಡಬೇಕು? ಇದಕ್ಕೆ ಉತ್ತರವನ್ನು ಹೊರದೇಶಗಳ ವಿಶ್ವವಿದ್ಯಾನಿಲಯಗಳಲ್ಲಿ ಹುಡುಕಬೇಕಾಗಿಲ್ಲ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದ ಒಂದು ಘಟನೆಯೇ ಸಾಕು. 1891ರಲ್ಲಿ ಚಾಮರಾಜ ಒಡೆಯರ ಕಾಲದಲ್ಲಿ ಓರಿಯಂಟಲ್ ಲೈಬ್ರರಿ ಎಂಬ ಹೆಸರಿನಲ್ಲಿ ಸ್ಥಾಪಿತವಾದ ಆ ಸಂಸ್ಥೆಗೆ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಒಂದು ತಾಳೆಗರಿಯ ಹಸ್ತಪ್ರತಿಯನ್ನು ತಂದೊಪ್ಪಿಸಿದರು. ಆ ಪಂಡಿತರ ಹೆಸರಿನ ಫಲಕ ಎಲ್ಲಿಯೂ ಇಲ್ಲ, ಅವರು ಯಾವ ಷರತ್ತನ್ನೂ ಹಾಕಿದಂತಿಲ್ಲ. ಗ್ರಂಥಾಲಯದ ಅಧಿಕಾರಿಯಾಗಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳು 1905ರಲ್ಲಿ ಆ ಗರಿಗಳನ್ನು ಓದಿ, ಅದು ಶತಮಾನಗಳಿಂದ ವಿದ್ವಾಂಸರು ಕಳೆದುಹೋಯಿತೆಂದು ಭಾವಿಸಿದ್ದ ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದರು. 1909ರಲ್ಲಿ ಮೂಲವು ಅಚ್ಚಾಯಿತು. 1915ರಲ್ಲಿ ಅವರ ಇಂಗ್ಲಿಷ್ ಅನುವಾದ ಹೊರಬಂದಿತು. ಪ್ರಾಚೀನ ಭಾರತಕ್ಕೆ ರಾಜ್ಯಶಾಸ್ತ್ರವೇ ಇರಲಿಲ್ಲವೆಂಬ ಪಾಶ್ಚಾತ್ಯರ ಅಭಿಪ್ರಾಯವು ಆ ಒಂದು ಪ್ರಕಟಣೆಯಿಂದ ಅಲುಗಾಡಿತೆಂದರೆ ಅತಿಶಯೋಕ್ತಿಯಾಗಲಾರದು.

ಈ ಘಟನೆಯನ್ನು ಸಾಮಾನ್ಯವಾಗಿ ಮೈಸೂರಿನ ಹೆಮ್ಮೆಯೆಂದು ಹೇಳಿ ಮುಗಿಸುವುದು ವಾಡಿಕೆ. ದಾನಿಯ ದೃಷ್ಟಿಯಿಂದ ನೋಡಿದರೆ ಇದರಲ್ಲಿ ಬೇರೊಂದು ಅಂಶವಿದೆ. ಪಂಡಿತರ ದಾನವು ಫಲಿಸಿದುದು ಅದನ್ನು ಇಡಲು ಒಂದು ಕಟ್ಟಡವಿತ್ತೆಂಬ ಕಾರಣದಿಂದಲ್ಲ. ಆ ಕಟ್ಟಡದೊಳಗೆ ಸಂಬಳ ಪಡೆದು, ನಿಶ್ಚಿಂತೆಯಿಂದ ಕುಳಿತು, ಗ್ರಂಥಲಿಪಿಯನ್ನು ಓದಬಲ್ಲ ಒಬ್ಬ ಮನುಷ್ಯನಿದ್ದನೆಂಬ ಕಾರಣದಿಂದ. ಶಾಮಶಾಸ್ತ್ರಿಗಳ ಸಂಬಳಕ್ಕೆ ಸಂಸ್ಥಾನವು ಹಣ ಕೊಡದೆ ಇನ್ನೊಂದು ಬೀರುವನ್ನು ಕೊಂಡಿದ್ದರೆ ಆ ಗರಿಗಳು ಇಂದಿಗೂ ಬೀರುವಿನಲ್ಲಿಯೇ ಇರುತ್ತಿದ್ದವು. ಅದೇ ಸಂಸ್ಥೆಯಲ್ಲಿ ಇಂದಿಗೂ ಸಹಸ್ರಾರು ತಾಳೆಗರಿಯ ಪ್ರತಿಗಳಿವೆ. ಗ್ರಂಥ, ನಂದಿನಾಗರಿ, ತಿಗಳಾರಿ ಲಿಪಿಗಳನ್ನು ನಿರಾಯಾಸವಾಗಿ ಓದಬಲ್ಲ ತರುಣರಾದರೋ ಬೆರಳೆಣಿಕೆಯಷ್ಟು. ಇಬ್ಬರು ತರುಣರಿಗೆ ಮೂರು ವರ್ಷ ಲಿಪಿಗಳನ್ನು ಕಲಿಸಿ ಓದಿಸುವ ಒಂದು ದತ್ತಿಯು ಹತ್ತು ಉಪನ್ಯಾಸಮಾಲೆಗಳಿಗಿಂತ ಮೇಲಾದುದೆಂಬುದರಲ್ಲಿ ಸಂದೇಹವಿಲ್ಲ.

ಶರಣರು ಸ್ಥಾವರ ಮತ್ತು ಜಂಗಮ ಎಂಬ ಎರಡು ಮಾತುಗಳಿಂದ ಮಾಡಿದ ವಿವೇಚನೆಯು ಲಿಂಗಾಯತ ಮನೆತನಗಳ ಮಕ್ಕಳಿಗೆ ಎಳವೆಯಿಂದಲೇ ಪರಿಚಿತ. ನಿಂತದ್ದು ಒಂದು, ಚಲಿಸುವುದು ಇನ್ನೊಂದು. ದತ್ತಿಯ ವಿಷಯದಲ್ಲಿ ಈ ವಿವೇಚನೆಯನ್ನು ಯಾರೂ ಅನ್ವಯಿಸಿ ನೋಡದಿರುವುದು ಆಶ್ಚರ್ಯ. ಕಲ್ಲು, ಪದಕ, ಫಲಕ ಇವು ಸ್ಥಾವರ. ಓದುವ ವಿದ್ಯಾರ್ಥಿ, ಓದಿಸುವ ಅಧ್ಯಾಪಕ ಇವರು ಜಂಗಮ. ಹಾಗೆಯೇ ದಾನ ಮತ್ತು ದಾಸೋಹ ಎಂಬ ಭೇದವೂ ಇದೆ. ದಾನದಲ್ಲಿ ಕೊಡುವವನು ಎದ್ದು ಕಾಣುತ್ತಾನೆ. ದಾಸೋಹದಲ್ಲಿ ತಾನು ಕೊಟ್ಟೆನೆಂಬ ಭಾವವೇ ಇರಕೂಡದು. ಇದನ್ನು ತೀರ ಕಠಿಣವಾಗಿ ಅನ್ವಯಿಸಿ, ಹೆಸರು ಹಾಕಿಸಿಕೊಳ್ಳುವುದೆಲ್ಲ ಅಹಂಕಾರವೆನ್ನುವುದು ಸರಿಯಲ್ಲ. ಒಬ್ಬರ ಹೆಸರನ್ನು ಕಂಡು ಮತ್ತೊಬ್ಬರು ಕೊಡುವುದುಂಟು. ಜಮ್‌ಷೇಟ್‌ಜಿ ಟಾಟಾ ಅವರು ತಮ್ಮ ಹೆಸರನ್ನಿಡದೆ ಕೊಟ್ಟರೂ ಬೆಂಗಳೂರಿನ ಜನ ಆ ಸಂಸ್ಥೆಯನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆದರು.

ಜಂಗಮಕ್ಕೆ ಕೊಟ್ಟ ಹಣವು ಹೇಗೆ ಬೆಳೆಯುತ್ತದೆಂಬುದಕ್ಕೆ ಗುಬ್ಬಿ ತೋಟದಪ್ಪನವರ ದತ್ತಿಗಿಂತ ಉತ್ತಮ ಉದಾಹರಣೆ ದೊರೆಯಲಾರದು. 1838ರಲ್ಲಿ ಜನಿಸಿ, ಬೆಂಗಳೂರಿನಲ್ಲಿ ವ್ಯಾಪಾರದಿಂದ ಸಂಪಾದಿಸಿದ, ಸಂತಾನವಿಲ್ಲದ ಈ ಮಹನೀಯರು ರೈಲು ನಿಲ್ದಾಣದ ಎದುರಿಗೆ 1903ರಲ್ಲಿ ಧರ್ಮಛತ್ರವನ್ನು ಸ್ಥಾಪಿಸಿ, ವಿದ್ಯಾರ್ಥಿಗಳಿಗೆ ಉಚಿತ ವಸತಿ ನಿಲಯವನ್ನೂ ಏರ್ಪಡಿಸಿ, 1910ರಲ್ಲಿ ಲಿಂಗೈಕ್ಯರಾದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಲು ಬಂದ, ಊರಿನಿಂದ ಹಣ ತರಿಸಿಕೊಳ್ಳುವ ಶಕ್ತಿಯಿಲ್ಲದ ಎಷ್ಟೋ ಹಳ್ಳಿಯ ಹುಡುಗರು ಅಲ್ಲಿ ಉಳಿದರು. ಮುಂದೆ ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳಾದ ತರುಣರೂ ಅವರಲ್ಲಿ ಒಬ್ಬರೆಂದು ಅವರ ಚರಿತ್ರೆಗಳು ಹೇಳುತ್ತವೆ. 1930ರಿಂದ 2019ರವರೆಗೆ ಆ ಮಠದಲ್ಲಿ ಉಂಡು ಓದಿದ ಮಕ್ಕಳ ಲೆಕ್ಕವನ್ನು ಯಾರು ಮಾಡಿಯಾರು? ತೋಟದಪ್ಪನವರು ತಮ್ಮ ದತ್ತಿಯ ಪತ್ರದಲ್ಲಿ ಸಿದ್ಧಗಂಗೆಯನ್ನು ಬರೆಯಲಿಲ್ಲ, ಬರೆಯುವಂತೆಯೂ ಇರಲಿಲ್ಲ. ಒಬ್ಬ ವಿದ್ಯಾರ್ಥಿಗೆ ಮಲಗಲು ಚಾಪೆಯ ಸ್ಥಳವನ್ನೂ ಉಣ್ಣಲು ಊಟವನ್ನೂ ಬರೆದರು.

ಮೈಸೂರಿನಲ್ಲಿಯೂ ಇದೇ ನಡೆದದ್ದು. ಸುತ್ತೂರು ಶ್ರೀಕ್ಷೇತ್ರದ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು 1941ರಲ್ಲಿ ನಗರದಲ್ಲಿ ಉಚಿತ ವಿದ್ಯಾರ್ಥಿನಿಲಯವನ್ನು ಮೊದಲು ತೆರೆದರು. ಜಗದ್ಗುರು ಶ್ರೀ ಶಿವರಾತ್ರೀಶ್ವರ ಮಹಾವಿದ್ಯಾಪೀಠ ಸ್ಥಾಪಿತವಾದುದು 1954ರಲ್ಲಿ. ಮೊದಲು ಊಟ, ಆಮೇಲೆ ಕಾಲೇಜು. ಈ ಅನುಕ್ರಮವನ್ನು ಗಮನಿಸಬೇಕು. ನಿಲಯವನ್ನು ನಡೆಸಲು ಹಣ ಸಾಲದೆ ಬಂದಾಗ ಶ್ರೀಗಳವರು ಮಠದ ಬೆಳ್ಳಿ ಬಂಗಾರವನ್ನೇ ಒತ್ತೆಯಿಟ್ಟರೆಂದು ಭಕ್ತರು ಸ್ಮರಿಸುತ್ತಾರೆ. ಬಂಗಾರವು ಪದಕವಾಗದೆ ಅಕ್ಕಿಯಾದ ಸಂದರ್ಭವದು. ಇದಕ್ಕೂ ಬಹಳ ಹಿಂದೆ, 1876ರಲ್ಲಿ, ಪೇಟೆಯ ಮರಿಮಲ್ಲಪ್ಪನವರು ವಿದ್ಯೆಗೆಂದು ಬಿಟ್ಟ ಆಸ್ತಿಯಿಂದ ಆರಂಭವಾದ ಶಾಲೆಯು ಹೆಸರು ಪಡೆದುದಕ್ಕೂ ತಾತಯ್ಯನೆಂದು ಜನ ಪ್ರೀತಿಯಿಂದ ಕರೆದ ವೆಂಕಟಕೃಷ್ಣಯ್ಯನವರಂತಹ ಮುಖ್ಯೋಪಾಧ್ಯಾಯರು ದೊರೆತುದೇ ಕಾರಣ. ಹಣವು ಮನುಷ್ಯನ ಕೈಗೆ ಬಂದಾಗ ಶಾಲೆಯಾಯಿತು.

ಇಂದು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ತರಗತಿಗೆ ಚಾಮರಾಜನಗರ, ಹೆಗ್ಗಡದೇವನಕೋಟೆ, ಪಿರಿಯಾಪಟ್ಟಣಗಳ ಕಡೆಯಿಂದ ಬರುವ ವಿದ್ಯಾರ್ಥಿನಿಗೆ ಬೋಧನಾ ಶುಲ್ಕವು ದೊಡ್ಡ ಅಡ್ಡಿಯಲ್ಲ. ಸರ್ಕಾರದ ವಿದ್ಯಾರ್ಥಿವೇತನಗಳು ಅಲ್ಪಸ್ವಲ್ಪ ಅದನ್ನು ನೋಡಿಕೊಳ್ಳುತ್ತವೆ. ಅಡ್ಡಿಯಾಗುವುದು ನಿಲಯದ ಊಟದ ಬಿಲ್ಲು, ಪುಸ್ತಕ, ಪ್ರಯಾಣ, ಪರೀಕ್ಷೆಯ ವರ್ಷದಲ್ಲಿ ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಬರುವ ಖರ್ಚು. ಹೆಣ್ಣುಮಗಳಾದರೆ ಈ ಸಣ್ಣ ಕೊರತೆಯೇ ಓದನ್ನು ಬಿಡಿಸಿ ಮದುವೆ ಮಾಡಲು ಸಾಕಾದ ನೆಪ. ಇಂತಹ ಹತ್ತು ಮಂದಿಯ ಊಟವನ್ನು ವಹಿಸಿಕೊಳ್ಳುವ ದತ್ತಿಯು ಘಟಿಕೋತ್ಸವದ ವೇದಿಕೆಯಲ್ಲಿ ಕಾಣಿಸದು.

ಈ ಹಂತದಲ್ಲಿ ದಾನಿಯ ಮನಸ್ಸಿನಲ್ಲಿರುವ ಅತಿ ಬಲವಾದ ಆಸೆಯೊಂದನ್ನು ನೇರವಾಗಿ ಎದುರಿಸಬೇಕು. ಅದು ಶಾಶ್ವತತೆಯ ಆಸೆ. ಕನ್ನಡ ನಾಡಿನ ಶಾಸನಗಳಲ್ಲಿ ದತ್ತಿಯನ್ನು ಆಚಂದ್ರಾರ್ಕವಾಗಿ, ಸೂರ್ಯಚಂದ್ರರಿರುವತನಕ ನಡೆಯಲೆಂದು ಬರೆಸುತ್ತಿದ್ದರು. ಅಳಿಪಿದವನಿಗೆ ಶಾಪವನ್ನೂ ಹಾಕುತ್ತಿದ್ದರು. ಇಂದಿನ ದಾನಪತ್ರಗಳಲ್ಲಿ ಶಾಪವಿಲ್ಲ. ಆದರೆ ಮೂಲಧನವನ್ನು ಎಂದಿಗೂ ಮುಟ್ಟಕೂಡದು, ಬಡ್ಡಿಯಿಂದ ಮಾತ್ರ ವಿನಿಯೋಗ ಎಂಬ ವಾಕ್ಯವು ತಪ್ಪದೆ ಇರುತ್ತದೆ. ಇಪ್ಪತ್ತೈದು ಲಕ್ಷ ರೂಪಾಯಿಗೆ ನೂರಕ್ಕೆ ಏಳರಂತೆ ವರ್ಷಕ್ಕೆ ಒಂದು ಲಕ್ಷ ಎಪ್ಪತ್ತೈದು ಸಾವಿರ ಬಡ್ಡಿ. ಬೆಲೆಗಳು ವರ್ಷಕ್ಕೆ ನೂರಕ್ಕೆ ಐದರಂತೆ ಏರಿದರೆ, ನಿಧಿಯ ನಿಜವಾದ ಮೌಲ್ಯ ಕುಗ್ಗದಿರಲು ಅದರಲ್ಲಿ ಒಂದು ಲಕ್ಷ ಇಪ್ಪತ್ತೈದು ಸಾವಿರವನ್ನು ಮೂಲಧನಕ್ಕೆ ಮರಳಿ ಸೇರಿಸಬೇಕು. ಉಳಿಯುವುದು ಐವತ್ತು ಸಾವಿರ. ಸೇರಿಸದೆ ಎಲ್ಲವನ್ನೂ ಖರ್ಚು ಮಾಡುತ್ತ ಹೋದರೆ ದತ್ತಿಯು ಆ ಚಿನ್ನದ ಪದಕದ ದಾರಿಯನ್ನೇ ಹಿಡಿಯುತ್ತದೆ. ಬದಲಾಗಿ ಮೂಲಧನವೂ ಸೇರಿ ಇಪ್ಪತ್ತು ವರ್ಷಗಳಲ್ಲಿ ಮುಗಿಯಲೆಂದು ಬರೆದರೆ, ಅದೇ ಲೆಕ್ಕದ ಪ್ರಕಾರ, ಇಂದಿನ ಬೆಲೆಯಲ್ಲಿ ವರ್ಷಕ್ಕೆ ಸುಮಾರು ಒಂದೂವರೆ ಲಕ್ಷ ರೂಪಾಯಿ ದೊರೆಯುತ್ತದೆ. ಅಂದರೆ ಮೂರರಷ್ಟು. ಇಪ್ಪತ್ತು ವರ್ಷಗಳಲ್ಲಿ ಓದಿ ಹೊರಬಂದವರು ಮುಂದಿನವರಿಗೆ ಕೊಡಬಲ್ಲವರಾಗಿರುತ್ತಾರೆ. ಆಚಂದ್ರಾರ್ಕವೆಂಬ ಪದಕ್ಕಾಗಿ ಇಬ್ಬರು ವಿದ್ಯಾರ್ಥಿಗಳನ್ನು ಬಿಟ್ಟು ಒಬ್ಬನಿಗೆ ಮಾತ್ರ ಊಟ ಹಾಕುವುದು ಯಾವ ಧರ್ಮ?

ದೊಡ್ಡ ಎಸ್ಟೇಟುಗಳ ಮಾತು ಬೇರೆ. ಸಿರಸಂಗಿಯ ತ್ಯಾಗವೀರ ಲಿಂಗರಾಜ ದೇಸಾಯಿಯವರು (1861–1906) ತಮ್ಮ ಸಮಸ್ತ ಸಂಸ್ಥಾನವನ್ನೇ ವಿದ್ಯಾರ್ಥಿಗಳಿಗೆ ಉಯಿಲು ಬರೆದರು. ಅದು ಶತಮಾನವನ್ನು ದಾಟಿದೆ, ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರನ್ನು ಹೊತ್ತಿದೆ. ಆದರೆ ಭೂಮಿಯೂ ಶಾಶ್ವತವಲ್ಲವೆಂಬುದನ್ನು ಕರ್ನಾಟಕದ ಮಠಗಳೂ ಟ್ರಸ್ಟುಗಳೂ ಕಂಡಿವೆ. 1950ರ ದಶಕದ ಇನಾಮು ರದ್ದತಿ ಕಾಯಿದೆಗಳು, 1974ರ ಭೂಸುಧಾರಣಾ ತಿದ್ದುಪಡಿ ಇವುಗಳಿಂದ ಗೇಣಿಯ ಜಮೀನುಗಳು ಗೇಣಿದಾರರಿಗೆ ಹೋದವು. ಉಳುವವನಿಗೆ ಭೂಮಿ ದೊರೆತುದು ನ್ಯಾಯವೇ. ದತ್ತಿ ಬರೆದವರು ಮಾತ್ರ ಅದನ್ನು ಊಹಿಸಿರಲಿಲ್ಲ.

ಸಿರಸಂಗಿಯವರ ಉಯಿಲು ಇನ್ನೊಂದು ಪ್ರಶ್ನೆಯನ್ನೂ ಎತ್ತುತ್ತದೆ. ಅವರು ಲಿಂಗಾಯತ ವಿದ್ಯಾರ್ಥಿಗಳಿಗೆಂದು ಬರೆದರು. ತೋಟದಪ್ಪನವರ ನಿಲಯವೂ ವೀರಶೈವ ವಿದ್ಯಾರ್ಥಿಗಳಿಗೆಂದೇ ಆರಂಭವಾದುದು. 1904ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆಯು ಲಿಂಗರಾಜರ ಅಧ್ಯಕ್ಷತೆಯಲ್ಲಿ ಮೊದಲ ಬಾರಿಗೆ ಸೇರಿದಾಗ ಸಮಾಜದಲ್ಲಿ ಇಂಗ್ಲಿಷ್ ವಿದ್ಯೆ ಪಡೆದವರು ವಿರಳ. ಒಂದು ಸಮುದಾಯವು ತನ್ನ ಮಕ್ಕಳನ್ನು ತಾನೇ ಎತ್ತಿಕೊಳ್ಳದಿದ್ದರೆ ಎತ್ತುವವರಿರಲಿಲ್ಲ. ಆ ಕಾಲಕ್ಕೆ ಅದು ಸರಿಯಾದ ನಿರ್ಧಾರವೆಂಬುದು ನಿರ್ವಿವಾದ. ಇಂದು ಹೊಸದಾಗಿ ದತ್ತಿ ಬರೆಯುವವನು ಅದೇ ಮಾತನ್ನು ನಕಲು ಮಾಡಬೇಕೆ? ಮೈಸೂರಿನ ಅನುಕೂಲಸ್ಥ ಲಿಂಗಾಯತ ಮನೆಯ ಹುಡುಗನಿಗೂ ಅದೇ ಸಮುದಾಯದ ಹಳ್ಳಿಯ ಕೂಲಿಕಾರನ ಮಗಳಿಗೂ ಇರುವ ಅಂತರವು, ಆ ಮಗಳಿಗೂ ಪಕ್ಕದ ಕೇರಿಯ ಮಗಳಿಗೂ ಇರುವ ಅಂತರಕ್ಕಿಂತ ಬಹಳ ಹೆಚ್ಚು. ಬಸವಾದಿ ಪ್ರಮಥರ ಅನುಭವ ಮಂಟಪದಲ್ಲಿ ಕುಲವನ್ನು ಕೇಳಿ ಒಳಗೆ ಬಿಟ್ಟರೆಂದು ಯಾರೂ ಹೇಳಿಲ್ಲ. ಮನೆಯಲ್ಲಿ ಕಾಲೇಜಿನ ಮೆಟ್ಟಿಲನ್ನು ಹತ್ತಿದ ಮೊದಲನೆಯವರಿಗೆ ಎಂದು ಬರೆದರೆ ಸಾಕು. ದಾನಿಯ ಸಮುದಾಯದ ಬಡ ಮಕ್ಕಳೂ ಅದರೊಳಗೆ ಬರುತ್ತಾರೆ. ಕಾನೂನಿನ ಒಲವೂ ಇದೇ ಕಡೆಗಿದೆ. 1961ರ ಆದಾಯ ತೆರಿಗೆ ಅಧಿನಿಯಮವು, ಅದು ಜಾರಿಗೆ ಬಂದ ನಂತರ ಒಂದೇ ಜಾತಿಯ ಅಥವಾ ಧಾರ್ಮಿಕ ಸಮುದಾಯದ ಪ್ರಯೋಜನಕ್ಕೆಂದು ಹುಟ್ಟಿದ ಧರ್ಮಾರ್ಥ ಟ್ರಸ್ಟುಗಳಿಗೆ ವಿನಾಯಿತಿಯನ್ನು ನಿರಾಕರಿಸಿತು. ಪರಿಶಿಷ್ಟರು, ಹಿಂದುಳಿದ ವರ್ಗಗಳು, ಸ್ತ್ರೀಯರು, ಮಕ್ಕಳು ಇವರಿಗಾಗಿ ಇರುವುದಕ್ಕೆ ಆ ಅಡ್ಡಿಯನ್ನು ಹಾಕಲಿಲ್ಲ.

ವಿಶ್ವವಿದ್ಯಾನಿಲಯವನ್ನೇ ನಂಬಬಹುದೇ ಎಂಬ ಆಕ್ಷೇಪ ಉಳಿಯುತ್ತದೆ. ಇದು ತಳ್ಳಿಹಾಕುವ ಮಾತಲ್ಲ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯವು ಈಚಿನ ವರ್ಷಗಳಲ್ಲಿ ನಿವೃತ್ತಿವೇತನದ ಹೊರೆಯಿಂದ ಬಳಲಿದೆ; ಖಾಯಂ ಅಧ್ಯಾಪಕರ ಸ್ಥಾನಗಳು ಬಹಳಷ್ಟು ತೆರವಾಗಿ, ಅತಿಥಿ ಉಪನ್ಯಾಸಕರಿಂದ ಪಾಠಗಳು ನಡೆದಿವೆ. ಯಾವ ನಿಬಂಧನೆಯೂ ಇಲ್ಲದೆ ಕೊಟ್ಟ ಹಣವು ಇಂತಹ ಸ್ಥಿತಿಯಲ್ಲಿ ಸಾಮಾನ್ಯ ಖಾತೆಯೊಳಗೆ ಸೇರಿ ಕಾಣದಾಗುವ ಭಯ ಸಹಜ. ಆದುದರಿಂದ ನಿಬಂಧನೆ ಬೇಕು. ಆದರೆ ಉದ್ದೇಶವನ್ನು ವಿಶಾಲವಾಗಿಯೂ ಲೆಕ್ಕವನ್ನು ಬಿಗಿಯಾಗಿಯೂ ಬರೆಯಬೇಕು. ರೂಢಿಯಲ್ಲಿರುವುದು ಇದಕ್ಕೆ ನೇರ ವಿರುದ್ಧ. ಇಂತಹ ವಿಷಯದ ಇಂತಹ ಪತ್ರಿಕೆಯಲ್ಲಿ ಅತ್ಯಧಿಕ ಅಂಕ ಪಡೆದ ಎಂದು ಬರೆದವನ ದತ್ತಿಯು ಪಠ್ಯಕ್ರಮ ಬದಲಾದ ಮರುವರ್ಷವೇ ನಿಂತುಹೋಗುತ್ತದೆ. ಆಮೇಲೆ ಮೂಲ ಉದ್ದೇಶಕ್ಕೆ ಸಮೀಪವಾದ ಬೇರೊಂದು ಉದ್ದೇಶಕ್ಕೆ ಅದನ್ನು ತಿರುಗಿಸಬೇಕಾದರೆ ನ್ಯಾಯಾಲಯದ ಮೆಟ್ಟಿಲನ್ನು ಹತ್ತಬೇಕಾದೀತು. ಬಡ ವಿದ್ಯಾರ್ಥಿಗಳ ಜೀವನ ವೆಚ್ಚಕ್ಕೆ ಎಂದಷ್ಟೇ ಉದ್ದೇಶ. ಪ್ರತ್ಯೇಕ ಖಾತೆ, ವರ್ಷಕ್ಕೊಮ್ಮೆ ಕುಲಸಚಿವರಿಂದ ಪ್ರಕಟವಾದ ಲೆಕ್ಕ, ಎರಡು ವರ್ಷ ವಿನಿಯೋಗವಾಗದಿದ್ದರೆ ಹಣವು ಹೆಸರಿಸಿದ ಮತ್ತೊಂದು ಸಂಸ್ಥೆಗೆ ಹೋಗತಕ್ಕದ್ದು ಎಂಬ ಷರತ್ತು. ಕೊನೆಯದು ಇತರ ಎಲ್ಲ ಷರತ್ತುಗಳಿಗಿಂತ ಬಲವಾದುದು.

ಬದುಕಿರುವಾಗ ಕೊಡಬೇಕೋ, ಉಯಿಲಿನಲ್ಲಿ ಬಿಡಬೇಕೋ ಎಂಬುದರಲ್ಲಿ ಅನೇಕರು ಗೊಂದಲಪಡುತ್ತಾರೆ. ಸ್ಥಿರಾಸ್ತಿಯ ದಾನಪತ್ರವು ನೋಂದಣಿಯಾಗಲೇಬೇಕು, ಮತ್ತು ಯಾವುದೇ ದಾನವನ್ನು ಕೊಡುವವನು ಜೀವಂತವಾಗಿರುವಾಗಲೇ ಪಡೆಯುವವರು ಒಪ್ಪಿಕೊಳ್ಳಬೇಕು. ಕೊಟ್ಟ ಮೇಲೆ ಮನಬಂದಂತೆ ಹಿಂತೆಗೆಯುವಂತಿಲ್ಲ. ಉಯಿಲಿಗೆ ಇಬ್ಬರು ಸಾಕ್ಷಿಗಳು ಸಾಕು, ನೋಂದಣಿ ಕಡ್ಡಾಯವಲ್ಲವಾದರೂ ಹಿತಕರ, ಕೊನೆಯುಸಿರಿನವರೆಗೂ ಬದಲಾಯಿಸಬಹುದು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತನ್ನ ಪಾಲನ್ನು ಮಾತ್ರ ಬರೆಯಬಹುದೇ ಹೊರತು ಇಡಿಯದನ್ನಲ್ಲ. ಮಡದಿಯ ಜೀವನಕ್ಕೆ ಸಾಕಾದಷ್ಟನ್ನು ಮೊದಲು ತೆಗೆದಿಡದೆ ಬರೆದ ದತ್ತಿಯು ಪುಣ್ಯವಲ್ಲ. ಮಕ್ಕಳಿಗೆ ಮುಂಚಿತವಾಗಿ ತಿಳಿಸುವುದೂ ಅಗತ್ಯ. ಟ್ರಂಕಿನಲ್ಲಿ ಸಿಕ್ಕಿದ ಉಯಿಲು ವ್ಯಾಜ್ಯಕ್ಕೆ ಬೀಜ. 1904ರಲ್ಲಿ ಜಮ್‌ಷೇಟ್‌ಜಿ ಟಾಟಾ ತೀರಿಕೊಂಡಾಗ ಅವರ ಸಂಸ್ಥೆ ಇನ್ನೂ ಕಾಗದದ ಮೇಲಿತ್ತು. ಸುಮಾರು ಮೂವತ್ತು ಲಕ್ಷ ರೂಪಾಯಿಗಳ ಆ ಸಂಕಲ್ಪವನ್ನು ಅವರ ಮಕ್ಕಳು ತಮ್ಮದಾಗಿ ಮಾಡಿಕೊಂಡುದರಿಂದಲೂ, 1907ರಲ್ಲಿ ಮೈಸೂರು ಸಂಸ್ಥಾನವು 371 ಎಕರೆ ಭೂಮಿಯನ್ನು ಕೊಟ್ಟುದರಿಂದಲೂ 1909ರಲ್ಲಿ ಅದು ಸ್ಥಾಪಿತವಾಯಿತು.

ಸಾಧಾರಣ ದಾನಿಗೆ ಒಂದು ಮಧ್ಯಮಾರ್ಗವಿದೆ. ಕೊಡಬೇಕೆಂದಿರುವುದರಲ್ಲಿ ಐದನೆಯ ಒಂದು ಭಾಗವನ್ನು ಈಗಲೇ ಕೊಟ್ಟು, ವಿಶ್ವವಿದ್ಯಾನಿಲಯವು ಅದನ್ನು ಹೇಗೆ ನಡೆಸುತ್ತದೆಂದು ನಾಲ್ಕೈದು ವರ್ಷ ನೋಡುವುದು. ಲೆಕ್ಕ ಸರಿಯಾಗಿ ಬಂದರೆ ಉಳಿದುದನ್ನು ಉಯಿಲಿನಲ್ಲಿ ಅದೇ ಖಾತೆಗೆ ಬರೆಯುವುದು. ಬಾರದಿದ್ದರೆ ಮಠದ ಅಥವಾ ಬೇರೊಂದು ಸಂಸ್ಥೆಯ ವಿದ್ಯಾರ್ಥಿನಿಲಯಕ್ಕೆ ತಿರುಗಿಸುವುದು. ತಾನು ಕೊಟ್ಟ ಹಣದಿಂದ ಓದಿದವರ ಮುಖವನ್ನು ನೋಡುವ ಭಾಗ್ಯವೂ ಇದರಲ್ಲಿದೆ. ಉಯಿಲು ಬರೆದವನಿಗೆ ಅದಿಲ್ಲ.

ಪತ್ರವನ್ನು ಬರೆಯುವ ವಕೀಲರಿಗೆ ಹೇಳಬೇಕಾದ ಸಣ್ಣ ವಿಷಯವೊಂದುಂಟು. ವಿದ್ಯಾರ್ಥಿವೇತನವು ಮಂಜೂರಾಗಿ, ಕಡತಗಳನ್ನು ದಾಟಿ, ಮಾರ್ಚಿಯಲ್ಲಿ ಕೈಸೇರುವುದು ನಮ್ಮ ಕಚೇರಿಗಳ ಪದ್ಧತಿ. ನಿಲಯದ ಮುಂಗಡವನ್ನು ಕಟ್ಟಬೇಕಾದುದು ಪ್ರವೇಶದ ತಿಂಗಳಿನಲ್ಲಿ. ಆಗ ಹಣವಿಲ್ಲದೆ ಊರಿಗೆ ಮರಳಿದವಳಿಗೆ ಮಾರ್ಚಿಯ ಚೆಕ್ಕನ್ನು ಯಾವ ವಿಳಾಸಕ್ಕೆ ಕಳುಹಿಸಬೇಕು? ಪ್ರವೇಶವಾದ ಹದಿನೈದು ದಿನಗಳೊಳಗೆ ಮೊದಲ ಕಂತನ್ನು ನೇರವಾಗಿ ನಿಲಯದ ಖಾತೆಗೆ ಸಂದಾಯ ಮಾಡತಕ್ಕದ್ದು ಎಂದು ಪತ್ರದಲ್ಲಿಯೇ ಬರೆಸಬೇಕು.